ದಾನಿಗಳ ಹೆಸರು ಕಟ್ಟಡಕ್ಕೋ, ಫಲಕಕ್ಕೋ, ವೇದಿಕೆಗೋ?

ದೊಡ್ಡ ದೇಣಿಗೆ ಕೊಟ್ಟವರಿಗೆ ಹೇಗೆ ಕೃತಜ್ಞತೆ ಸಲ್ಲಿಸಬೇಕೆಂದು ನಿಮ್ಮ ಟ್ರಸ್ಟ್ ಯೋಚಿಸುತ್ತಿದೆಯೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಎರಡು ದಾರಿಗಳಿವೆ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಒಟ್ಟು 425 ಕೋಟಿ ರೂಪಾಯಿ ಕೊಡಲು ಮುಂದಾದಾಗ, 800 ಹಾಸಿಗೆಗಳ ಆಸ್ಪತ್ರೆಗೆ ಅವರ ಹೆಸರೇ ಬಂತು. ಆ ಸಂಸ್ಥೆಗಾಗಿ ಆಸ್ತಿಯನ್ನೇ ಮೀಸಲಿಟ್ಟ ಜಮ್‌ಷೆಟ್‌ಜಿ ಟಾಟಾ ಮಾತ್ರ ತಮ್ಮ ಹೆಸರು ಬೇಡವೆಂದಿದ್ದರು. ಆದರೂ ಜನ ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ಕಟ್ಟಡಕ್ಕೆ ಇಟ್ಟ ಹೆಸರನ್ನು ತೆಗೆಯುವುದು ಕಷ್ಟ. ಎಷ್ಟು ವರ್ಷಕ್ಕೆ, ಕಟ್ಟಡ ಕೆಡವಿದರೆ ಏನು ಎಂಬುದನ್ನು ಮೊದಲೇ ಒಪ್ಪಂದದಲ್ಲಿ ಬರೆಯಿರಿ.

ಊರ ಶಾಲೆಗೆ ಗ್ರಾನೈಟ್ ಫಲಕ ಸಾಕು. ಆದರೆ ಮೊತ್ತದ ಪ್ರಕಾರ ಹೆಸರು ಕೆತ್ತಿಸಿದರೆ, ದಿನಗೂಲಿಯಲ್ಲಿ ಉಳಿಸಿ 500 ರೂಪಾಯಿ ಕೊಟ್ಟವರು ಕಟ್ಟಕಡೆಗೆ ಬೀಳುತ್ತಾರೆ. ಅಕಾರಾದಿಯಾಗಿ ಕೆತ್ತಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಶಾಲು, ಪೇಟ, ಹಣ್ಣಿನ ಬುಟ್ಟಿಯ ಸನ್ಮಾನಕ್ಕೆ ಖರ್ಚು ಕಡಿಮೆ, ನೆನಪೂ ಕಡಿಮೆ.

ಹೆಸರೇ ಬೇಡ ಎನ್ನುವವರ ಮಾತು ಉಳಿಸಿಕೊಳ್ಳಿ. ರಸೀದಿಯಲ್ಲಿ, ಲೆಕ್ಕದಲ್ಲಿ ಹೆಸರು ಇರಲೇಬೇಕು, ಫಲಕದಲ್ಲಿ ಬೇಡ. ಅಂಥವರಿಗೆ ದತ್ತಿನಿಧಿಯಿಂದ ಓದುತ್ತಿರುವ ಮಕ್ಕಳು ಕೈಯಾರೆ ಬರೆದ ಪತ್ರವನ್ನು ಅಂಕಪಟ್ಟಿ ಬಂದ ವಾರವೇ ಕಳಿಸಿ.