ಓಡಲು ಬಿಡದ ಆಟ: ಮೊದಲ ‘ಡಯಾಬ್ಲೊ’ ಜೊತೆ ಹಲವು ವರ್ಷ

‘ಡಯಾಬ್ಲೊ’ ಎಂಬ ಈ ಕಂಪ್ಯೂಟರ್ ಆಟವನ್ನು ಎಷ್ಟು ಸಲ ಮುಗಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ವರ್ಷಕ್ಕೊಮ್ಮೆಯಾದರೂ ಮತ್ತೆ ಹಾಕಿಕೊಳ್ಳುತ್ತೇನೆ. ಪ್ರತಿ ಸಲವೂ ಮೊದಲ ಹತ್ತು ನಿಮಿಷ ಅದೇ ಗೊಣಗಾಟ: ನಾನು ಆಡಿಸುವ ಈ ಮನುಷ್ಯ ಯಾಕೆ ಓಡುವುದಿಲ್ಲ?

ಓಡುವುದಿಲ್ಲ, ಅಷ್ಟೇ. 1997ರ ಹೊತ್ತಿಗೆ ಬಂದ ಆಟ ಇದು. ಟ್ರಿಸ್ಟ್ರಮ್ ಊರಿನ ಮಾಟಗಾತಿ ಏಡ್ರಿಯಾಳ ಗುಡಿಸಲು ಹೊಳೆಯಾಚೆ ಇದೆ. ಒಂದು ಮಂತ್ರದ ಪುಸ್ತಕಕ್ಕಾಗಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಸಾಕಾಗಿಬಿಡುತ್ತದೆ. ಆಟಕ್ಕೆ ಸಂಗೀತ ಕೊಟ್ಟ ಮ್ಯಾಟ್ ಉಲ್ಮೆನ್ ಅವರ ಹನ್ನೆರಡು ತಂತಿಯ ಗಿಟಾರ್ ಕೇಳುತ್ತಿರುತ್ತದೆ ಅನ್ನುವುದೊಂದೇ ಸಮಾಧಾನ.

ಆದರೆ ನೆಲದಡಿ ಇಳಿದು ನೋಡಿ. ಒಟ್ಟು 16 ಲೆವೆಲ್. ಚರ್ಚು, ಸಮಾಧಿಯ ಸುರಂಗ, ಗುಹೆ, ನರಕ, ಒಂದೊಂದಕ್ಕೆ ನಾಲ್ಕು. ನಮ್ಮ ಸುತ್ತ ಒಂದಿಷ್ಟು ಬೆಳಕು, ಅದರಾಚೆ ಕಗ್ಗತ್ತಲು. ಎಲ್ಲೋ ಬಾಗಿಲು ಕಿರುಗುಟ್ಟುತ್ತದೆ. ಈಗ ಆ ನಿಧಾನ ನಡಿಗೆಯೇ ಭಯ ಹುಟ್ಟಿಸುತ್ತದೆ, ಯಾಕೆಂದರೆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಎರಡನೇ ಲೆವೆಲ್‌ನಲ್ಲಿ ರಕ್ತ ಮೆತ್ತಿದ ಕೋಣೆಯ ಬಾಗಿಲು ತೆರೆದರೆ ‘ಆಹಾ, ತಾಜಾ ಮಾಂಸ!’ ಎಂದು ಕಟುಕ ಮೈಮೇಲೆ ಬರುತ್ತಾನೆ. ಇಷ್ಟು ವರ್ಷವಾದರೂ ನನ್ನ ಬೆರಳು ಒಂದು ಕ್ಷಣ ತಡವರಿಸುತ್ತದೆ. ಅವನು ಪ್ರತಿ ಆಟದಲ್ಲೂ ಸಿಗುವುದಿಲ್ಲ ಅನ್ನುವುದು ಇನ್ನೊಂದು ಮಜಾ. ಲೆವೆಲ್‌ಗಳ ನಕ್ಷೆಯೂ ಸಲಕ್ಕೊಂದು ಥರ. ಹಾಗಾಗಿ ಬಾಯಿಪಾಠ ಮಾಡಿ ಗೆಲ್ಲಲು ಆಗುವುದಿಲ್ಲ.

ಜಿಪುಣತನವೂ ಈ ಆಟದ ಗುಣವೇ. ಚೀಲದಲ್ಲಿ 40 ಚೌಕ. ಒಂದು ಚೌಕದಲ್ಲಿ ಹಿಡಿಸುವುದು 5000 ನಾಣ್ಯ. ಶ್ರೀಮಂತನಾದಷ್ಟೂ ಕತ್ತಿ ಇಡಲು ಜಾಗ ಕಮ್ಮಿ. ನಾನಂತೂ ಊರ ನಡುವೆ ನೆಲದ ಮೇಲೇ ಚಿನ್ನ ಸುರಿದಿಡುತ್ತೇನೆ. ಯಾರೂ ಮುಟ್ಟುವುದಿಲ್ಲ. ಸುಮ್ನೆ ಮಾಲು ತೋರಿಸಲಿಕ್ಕೇ 50 ನಾಣ್ಯ ಕೀಳುವ ಮರದ ಕಾಲಿನ ಹುಡುಗ ವಿರ್ಟ್ ಕೂಡ! ರಿಪೇರಿ ಮರೆತರೆ ಆಯುಧ ಮುರಿದು ಮಾಯವೇ ಆಗುತ್ತದೆ. ಕಪ್ಪು ಸಾವು ಎಂಬ ಹೆಣದಿಂದ ಏಟು ತಿಂದರೆ ಒಂದು ಪಾಯಿಂಟ್ ಜೀವ ಶಾಶ್ವತವಾಗಿ ಹೋಯಿತು.

ಬೇಸರ ತರಿಸುವುದೂ ಉಂಟು. ಮಂತ್ರವಾದಿ ಪಾತ್ರ ಸಾರ್ಸರರ್ ಶುರುವಿನಲ್ಲಿ ತೀರಾ ಬಡಪಾಯಿ, ಕೊನೆಗೆ ಜಾಸ್ತಿಯೇ ಬಲಶಾಲಿ. ನರಕದಲ್ಲಿ ದೂರದಿಂದ ಹೊಡೆದು ಓಡುವ ಸಕ್ಯುಬಸ್ ಎಂಬ ಹೆಣ್ಣು ಪಿಶಾಚಿಗಳನ್ನು ಕತ್ತಿ ಹಿಡಿದ ವಾರಿಯರ್ ಪಾತ್ರದಲ್ಲಿ ಬೆನ್ನಟ್ಟುವುದು ಶುದ್ಧ ತಲೆನೋವು. ಒಬ್ಬ ಪಾತ್ರಕ್ಕೆ ಒಂದೇ ಸೇವ್, ಹೊಸದಾಗಿ ಉಳಿಸಿದರೆ ಹಳೆಯದು ಹೋಯಿತು. ಹದಿಮೂರನೇ ಲೆವೆಲ್‌ನಲ್ಲಿ ಔಷಧಿ ಮುಗಿದು, ಸುತ್ತ ಶತ್ರುಗಳು ನಿಂತಿರುವಾಗ ಗಾಬರಿಯಲ್ಲಿ ಸೇವ್ ಒತ್ತಿದ್ದೆ. ಆಮೇಲೆ ಇಪ್ಪತ್ತು ಸಲ ಲೋಡ್ ಮಾಡಿದೆ, ಇಪ್ಪತ್ತು ಸಲವೂ ಸತ್ತೆ. ತಪ್ಪು ನನ್ನದೇ, ಆದರೂ ಆ ವಾರಿಯರ್ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ‘ಡೆವಿಲ್ಯೂಷನ್‌ಎಕ್ಸ್’ನಲ್ಲಿ ಆಡುತ್ತೇನೆ. ಅಭಿಮಾನಿಗಳು ಮಾಡಿದ ಉಚಿತ ತಂತ್ರಾಂಶ, ಹೊಸ ಕಂಪ್ಯೂಟರ್‌ನಲ್ಲಿ ಸಲೀಸಾಗಿ ಓಡುತ್ತದೆ. ಮೂಲ ಆಟದ ಡೇಟಾ ಫೈಲ್ ಮಾತ್ರ ನಿಮ್ಮ ಬಳಿ ಇರಬೇಕು. ಅದರಲ್ಲಿ ಊರೊಳಗೆ ಓಡುವ ಆಯ್ಕೆ ಇದೆ. ನಾಚಿಕೆ ಬಿಟ್ಟು ಆನ್ ಮಾಡಿಕೊಂಡಿದ್ದೇನೆ. ಏಡ್ರಿಯಾಳ ಗುಡಿಸಲಿಗೆ ಈಗ ಓಡಿಕೊಂಡೇ ಹೋಗುತ್ತೇನೆ. ಚರ್ಚಿನ ಮೆಟ್ಟಿಲಿಳಿದರೆ ಮತ್ತೆ ಅದೇ ನಡಿಗೆ.