ಪದೇ ಪದೇ ಹೋಗುವ ಹೆಡ್‌ಲೈಟ್: ಯಾವ ಬಲ್ಬ್ ಬಾಳಿಕೆ ಬಂತು?

ನನ್ನದು ಹಳೆಯ ಹ್ಯಾಚ್‌ಬ್ಯಾಕ್. ಹೆಡ್‌ಲೈಟಿಗೆ ಎಚ್4 ಹ್ಯಾಲೋಜನ್ ಬಲ್ಬ್, 60/55 ವ್ಯಾಟ್. ಒಂದೇ ಗಾಜಿನೊಳಗೆ ಬ್ರೈಟಿಗೊಂದು, ಡಿಮ್ಮಿಗೊಂದು ಫಿಲಮೆಂಟ್ (ಉರಿಯುವ ತಂತಿ). ಶಿರಾಡಿ ಘಾಟಿ ಹತ್ತಿ ಇಳಿಯುವ ರಾತ್ರಿ ಪ್ರಯಾಣ ಜಾಸ್ತಿ. ಮಳೆಗಾಲದಲ್ಲಿ ಅಲ್ಲಿ ಒಂದು ಲೈಟ್ ಹೋದರೆ ಎದುರಿನ ಲಾರಿಯವರಿಗೆ ನಾವು ಬೈಕ್ ತರ ಕಾಣುತ್ತೇವೆ. ಬಲ್ಬ್ ಮೇಲೆ ಬಲ್ಬ್ ಹೋಗತೊಡಗಿದಾಗ ಮಾರ್ಕೆಟ್ಟಿನಲ್ಲಿ ಸಿಗುವ ಬಗೆಗಳನ್ನೆಲ್ಲ ಹಾಕಿ ನೋಡಿದೆ. ಕಾರಿನ ಕರೆಂಟ್ ಸರಿ ಇಲ್ಲದಾಗಲೂ ನೋಡಿದೆ, ಸರಿ ಮಾಡಿಸಿದ ಮೇಲೂ ನೋಡಿದೆ. ಎರಡರ ಫಲಿತಾಂಶ ಪೂರ್ತಿ ಬೇರೆ.

ಮೊದಲು ಕರೆಂಟಿನ ವಿಷಯ. ಸತ್ತ ಬಲ್ಬನ್ನು ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ಗಾಜು ಶುಭ್ರವಾಗಿದ್ದು ಫಿಲಮೆಂಟ್ ಚೂಪಾಗಿ ತುಂಡಾಗಿದ್ದರೆ ಅದು ಅಲುಗಾಟದ ಪೆಟ್ಟು. ಒಳಗೆ ಬಿಳಿ ಪುಡಿ ಕಂಡರೆ ಗಾಳಿ ಹೊಕ್ಕಿದೆ. ಗಾಜು ಒಂದು ಕಡೆ ಉಬ್ಬಿದ್ದರೆ ಹಾಕುವಾಗ ಬೆರಳಿನ ಜಿಡ್ಡು ತಾಗಿದೆ ಅಂತ ಅನುಮಾನಿಸಬೇಕು. ನನ್ನ ಬಲ್ಬುಗಳಲ್ಲಿ ಗಾಜು ಕಪ್ಪಾಗಿತ್ತು, ಫಿಲಮೆಂಟಿನ ತುದಿಗಳು ಕರಗಿ ಸಾಸಿವೆಗಿಂತ ಚಿಕ್ಕ ಗುಂಡುಗಳಾಗಿದ್ದವು. ಹೊಸ ಬಲ್ಬ್ ಹೀಗಾದರೆ ವೋಲ್ಟೇಜ್ ಜಾಸ್ತಿ ಇರುವ ಸಾಧ್ಯತೆಯೇ ಹೆಚ್ಚು.

ಮಲ್ಟಿಮೀಟರ್ ತೆಗೆದುಕೊಂಡು ಎಂಜಿನ್ ಓಡುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿದೆ. ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಆಕ್ಸಿಲರೇಟರ್ ಒತ್ತಿದಂತೆ ನನ್ನದು 15 ದಾಟಿತು. ಎಚ್4 ಬಲ್ಬುಗಳ ಬೆಳಕು ಅಳೆಯುವುದೇ 13.2 ವೋಲ್ಟಿನಲ್ಲಿ. ವೋಲ್ಟೇಜ್ ಅಲ್ಲಿಂದ ಶೇ. 5ರಷ್ಟು ಏರಿದರೂ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಂಥ ಕಾರಿಗೆ ಯಾವ ಕಂಪನಿಯ ಬಲ್ಬ್ ಹಾಕಿದರೂ ದುಡ್ಡು ದಂಡ. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನಲ್ಲಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಬದಲಾಯಿಸಿದ ಮೇಲೆ ಮೀಟರ್ 14.2ರಲ್ಲಿ ನಿಂತಿತು. ಬ್ಯಾಟರಿ ನೀರು ಬೇಗ ಒಣಗುತ್ತಿದ್ದದ್ದೂ ಅಲ್ಲಿಗೆ ನಿಂತಿತು.

ಇನ್ನು ಬಲ್ಬುಗಳು. ಸಾದಾ 60/55ಕ್ಕೂ ಡಬ್ಬಿ ಮೇಲೆ ‘ಶೇ. 100 ಹೆಚ್ಚು ಬೆಳಕು’ ಅಂತ ಬರೆದ ದುಬಾರಿ ಬಲ್ಬಿಗೂ ವ್ಯಾಟ್ ಒಂದೇ. ದುಬಾರಿಯದರಲ್ಲಿ ಫಿಲಮೆಂಟನ್ನು ಬಿಗಿಯಾಗಿ ಸುತ್ತಿ ಹೆಚ್ಚು ಬಿಸಿಯಲ್ಲಿ ಉರಿಸುತ್ತಾರೆ. ಬೆಳಕು ನಿಜವಾಗಿಯೂ ಚೆನ್ನ, ತಿರುವಿನ ಬಿಳಿ ಗೆರೆ ದೂರದಿಂದಲೇ ಕಾಣುತ್ತಿತ್ತು. ಆದರೆ ಆಯುಷ್ಯ ಕಡಿಮೆ. ವೋಲ್ಟೇಜ್ ಕೆಟ್ಟಿದ್ದಾಗ ಎಲ್ಲಕ್ಕಿಂತ ಬೇಗ ಹೋದದ್ದು ಇದೇ, ಸರಿಯಾದ ಮೇಲೂ ಸಾದಾ ಬಲ್ಬಿನಷ್ಟು ಬಾಳಲಿಲ್ಲ. ಲಾಂಗ್ ಲೈಫ್ ಬಲ್ಬ್ ಇದಕ್ಕೆ ತದ್ವಿರುದ್ಧ. ಬೆಳಕು ಒಂದಿಷ್ಟು ಹಳದಿ, ಬಾಳಿಕೆ ಜಾಸ್ತಿ. ಊರೊಳಗೆ ಬೀದಿದೀಪದ ಕೆಳಗೇ ಓಡಿಸುವವರಿಗೆ ಇದನ್ನೇ ಹೇಳುತ್ತೇನೆ.

100/90 ವ್ಯಾಟ್ ಬಲ್ಬ್ ನನಗೆ ಬೇಡವೇ ಬೇಡ. ಕಂಪನಿ ವೈರಿಂಗ್ ಇರುವುದು 60/55 ಬಲ್ಬಿನ ಕರೆಂಟಿಗೆ. ಹೋಲ್ಡರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ, ರಿಫ್ಲೆಕ್ಟರಿನ ಹೊಳಪು ಸುಡುತ್ತದೆ. ರಸ್ತೆಯಲ್ಲಿ ಬಳಸಲು ಕಾನೂನು ಒಪ್ಪುವುದೂ ಇಲ್ಲ.

ಎಲ್‌ಇಡಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಎಲ್ಲರೂ ಕೇಳುವುದು ಅದನ್ನೇ. ಎಚ್4 ಬಲ್ಬಿನ ಡಿಮ್ ಫಿಲಮೆಂಟಿನ ಕೆಳಗೆ ಪುಟ್ಟ ಲೋಹದ ಬಟ್ಟಲಿದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೇ. ಇಡೀ ರಿಫ್ಲೆಕ್ಟರನ್ನು ಆ ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗೋಡೆಗೆ ಬಿಟ್ಟು ನೋಡಿದೆ. ಹ್ಯಾಲೋಜನ್‌ನಲ್ಲಿ ಮೇಲಂಚು ಗೆರೆ ಎಳೆದಂತಿತ್ತು, ಎಲ್‌ಇಡಿಯಲ್ಲಿ ಅಂಚೇ ಇರಲಿಲ್ಲ. ಘಾಟಿಯ ಮಂಜಿನಲ್ಲಿ ಮುಂದೆ ಬಿಳಿ ಪರದೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಬೇಗ ಸುಡುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಇದನ್ನು ಹಾಕಿಕೊಂಡು ಎದುರಿನವರನ್ನು ಕುರುಡು ಮಾಡುವುದು ಸರಿಯಲ್ಲ. ಕಂಪನಿಯಿಂದಲೇ ಎಲ್‌ಇಡಿ ಬಂದ ಕಾರುಗಳ ಮಾತು ಬೇರೆ, ಅಲ್ಲಿ ಇಡೀ ಲ್ಯಾಂಪೇ ಅದಕ್ಕಾಗಿ ಮಾಡಿದ್ದು.

ನಾನು ಉಳಿಸಿಕೊಂಡದ್ದು ಸಾದಾ 60/55 ಬಲ್ಬ್, ಜೊತೆಗೆ ರಿಲೇ ಕಿಟ್. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಹಳೆ ಕಾರಿನಲ್ಲಿ ಕರೆಂಟ್ ಸ್ವಿಚ್ ಹಾದು, ತೆಳು ವೈರಿನಲ್ಲಿ ಬಲ್ಬ್ ಮುಟ್ಟುವಷ್ಟರಲ್ಲಿ ಒಂದು ವೋಲ್ಟಿಗೂ ಮೇಲೆ ಸೋರಿಹೋಗಿರಬಹುದು. ರಿಲೇ ಹಾಕಿದರೆ ಫ್ಯೂಸ್ ಮೂಲಕ ಬ್ಯಾಟರಿಯಿಂದಲೇ ದಪ್ಪ ವೈರಿನಲ್ಲಿ ಬರುತ್ತದೆ. ಶೇ. 5 ವೋಲ್ಟೇಜ್ ಹೆಚ್ಚಾದರೆ ಬೆಳಕು ಶೇ. 18ರಷ್ಟು ಹೆಚ್ಚು. ಆಯುಷ್ಯ ಕುಗ್ಗುವ ಅದೇ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ. ಹಾಗಾಗಿ ಬಾಳಿಕೆಗೋಸ್ಕರ ರಿಲೇ ಹಾಕಿಸಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ರಿಲೇ ಇರುವುದು ಬೆಳಕಿಗೆ. ಘಾಟಿ ರಸ್ತೆಗೆ ಆ ಬೆಳಕು ಬೇಕೇ ಬೇಕು, ಅದಕ್ಕೇ ಒಪ್ಪಿದೆ. ರೆಗ್ಯುಲೇಟರ್ ಕೆಟ್ಟಿರುವಾಗ ಮಾತ್ರ ಹಾಕಿಸಬೇಡಿ.

ಇದೆಲ್ಲ ಎರಡೂ ಕಡೆ ಬಲ್ಬ್ ಹೋಗುತ್ತಿದ್ದರೆ. ಯಾವಾಗಲೂ ಒಂದೇ ಕಡೆಯದು ಹೋಗುತ್ತಿದ್ದರೆ ಮೀಟರಿಗಿಂತ ಮುಂಚೆ ಹೆಡ್‌ಲೈಟಿನ ಹಿಂದಿನ ರಬ್ಬರ್ ಬೂಟ್ (ಮುಚ್ಚಳ) ತೆಗೆದು ನೋಡಿ. ಅದು ಬಿರಿದಿದ್ದರೆ ನೀರು ಒಳಗೆ ಹೋಗುತ್ತದೆ, ಬೆಳಿಗ್ಗೆ ಹೆಡ್‌ಲೈಟಿನ ಗಾಜಿನೊಳಗೆ ಹನಿ ಕಟ್ಟಿರುತ್ತದೆ. ಬಲ್ಬ್ ಹಿಡಿಯುವ ತಂತಿ ಕ್ಲಿಪ್ ಸಡಿಲವಾಗಿದ್ದರೆ ಪ್ರತಿ ಗುಂಡಿಗೂ ಫಿಲಮೆಂಟ್ ನಡುಗುತ್ತದೆ. ಹೋಲ್ಡರಿನ ಪಿನ್ ಹಸಿರುಗಟ್ಟಿದ್ದರೆ ಹೋಲ್ಡರನ್ನೇ ಬದಲಾಯಿಸಿ, ಸೆರಾಮಿಕ್ ಸಿಕ್ಕರೆ ಒಳ್ಳೆಯದು. ಹೊಸ ಬಲ್ಬಿನ ಗಾಜು ಮುಟ್ಟಬೇಡಿ, ಟಿಶ್ಯೂ ಸುತ್ತಿ ಹಿಡಿಯಿರಿ. ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಹಾಕಿ.