ಜೋಧಪುರದಲ್ಲಿ ಮನೆ ಹಿಡಿಯುವ ಮುಂಚೆ ಸಂಪಿನ ಮುಚ್ಚಳ ತೆಗೆಸಿ ನೋಡಿ

ಜೋಧಪುರಕ್ಕೆ ವರ್ಗವಾಗಿ ಬರುವವರು, ಏಮ್ಸ್‌ನಲ್ಲಿ ನರ್ಸಿಂಗ್ ಕೆಲಸ ಸಿಕ್ಕಿ ಬರುವವರು, ಸೈನ್ಯದಲ್ಲಿದ್ದು ಹೊರಗೆ ಮನೆ ಹುಡುಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಾಡಿಗೆ ಎಷ್ಟು, ಸ್ಕೂಲ್ ಎಷ್ಟು ದೂರ, ಕರೆಂಟ್ ಹೋಗುತ್ತಾ ಅಂತ ನಾವೂ ಎಲ್ಲ ಕೇಳಿದ್ದೆವು. ನೀರಿಗೆ ತೊಂದರೆ ಇಲ್ಲ ತಾನೇ ಅಂತಲೂ ಕೇಳಿದ್ದೆವು. ಸಂಪಿನ ಮುಚ್ಚಳ ಮಾತ್ರ ತೆಗೆಸಿ ನೋಡಿರಲಿಲ್ಲ. ಅದರಿಂದ ನನ್ನ ಆರು ವರ್ಷದ ಮಗಳು ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ನಮ್ಮದು ಚಳ್ಳಕೆರೆ ಕಡೆ. ಬರ ನಮಗೆ ಹೊಸದಲ್ಲ. ಕೊಡ ಹೊತ್ತು, ಟ್ಯಾಂಕರ್ ಮುಂದೆ ಸಾಲು ನಿಂತು ಬೆಳೆದವರು ನಾವು. ಹಾಗಾಗಿ 2022ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದಾಗ ನನಗೆ ಭಯವೇನೂ ಇರಲಿಲ್ಲ. ಕೋಟೆ ಕೆಳಗಿನ ಒಳಪೇಟೆಯಲ್ಲಿ ಹಳೇ ಕಾಲದ ಮನೆ. ದಪ್ಪ ಕಲ್ಲಿನ ಗೋಡೆ, ಒಳಗೆ ತಂಪು. ಅಂಗಳದಲ್ಲೇ ಸಂಪು. ದಿನ ಬಿಟ್ಟು ದಿನ ನಲ್ಲಿ ಬರುತ್ತೆ, ಸಂಪು ತುಂಬುತ್ತೆ, ವರ್ಷವಿಡೀ ತೊಂದರೆ ಇಲ್ಲ ಅಂದರು ಮನೆ ಮಾಲೀಕರು. ಗೋಡೆಯ ಕೆಳಭಾಗದಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಉದುರಿ, ಬಿಳಿ ಉಪ್ಪು ಹೂವಿನ ಹಾಗೆ ಎದ್ದಿತ್ತು. ಕೇಳಿದ್ದಕ್ಕೆ "ಅದು ಸೀಲನ್, ಹಳೇ ಮನೆ ಅಂದ್ರೆ ಇರುತ್ತೆ" ಅಂದರು. ಸೀಲನ್ ಅಂದರೆ ತೇವ. ಮರುಭೂಮಿಯ ಊರಲ್ಲಿ ಗೋಡೆಗೆ ತೇವ ಎಲ್ಲಿಂದ ಬಂತು ಅಂತ ನಾವು ಅವತ್ತೇ ಯೋಚಿಸಬೇಕಿತ್ತು.

ಜೋಧಪುರದ ನೀರಿನ ಬಗ್ಗೆ ಎರಡು ವಿಷಯ ಗೊತ್ತಿರಲೇಬೇಕು. ಮೊದಲನೆಯದು, ಇದು ಇಲ್ಲಿಯ ನೀರಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 36 ಸೆಂ.ಮೀ. ಅಷ್ಟೇ. ನಲ್ಲಿಯಲ್ಲಿ ಬರುವುದು ಪಂಜಾಬಿನ ನೀರು. ಸಟ್ಲೆಜ್, ಬಿಯಾಸ್ ನದಿಗಳು ಸೇರುವ ಹರೀಕೆಯಿಂದ ಇಂದಿರಾ ಗಾಂಧಿ ಕಾಲುವೆ ಹೊರಡುತ್ತೆ. ಅದರಿಂದ ಒಡೆದ ರಾಜೀವ್ ಗಾಂಧಿ ಲಿಫ್ಟ್ ಕಾಲುವೆ ನೀರನ್ನು ಪಂಪ್‌ಗಳಲ್ಲಿ ಮೇಲೆತ್ತಿ ಈ ಊರಿಗೆ ತರುತ್ತೆ. ಕಾಯ್ಲಾನಾ, ತಖತ್ ಸಾಗರ ಅನ್ನುವ ಕೆರೆಗಳಲ್ಲಿ ನಿಲ್ಲಿಸಿ, ಶುದ್ಧ ಮಾಡಿ, ನಲ್ಲಿಗೆ ಬಿಡುತ್ತಾರೆ. ಬೇಸಿಗೆ ಶುರುವಾಗುವಾಗ ಕಾಲುವೆ ರಿಪೇರಿಗೆ ಅಂತ ನೀರು ನಿಲ್ಲಿಸುತ್ತಾರೆ. ಇದಕ್ಕೆ ಇಲ್ಲಿ 'ನಹರ್ ಬಂದಿ' ಅಂತಾರೆ. ಮೊದಲು ಕುಡಿಯುವುದಕ್ಕಾದರೂ ಸ್ವಲ್ಪ ಬಿಡುತ್ತಾರೆ, ಆಮೇಲೆ ಪೂರ್ತಿ ಬಂದ್. ಆಗ ಊರು ನಡೆಯುವುದು ಕೆರೆಗಳಲ್ಲಿ ಕೂಡಿಟ್ಟ ನೀರಿನ ಮೇಲೆ.

ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಒಳಪೇಟೆಯಲ್ಲಿ ನೆಲದಡಿಯ ನೀರು ಮೇಲೇರಿ ಕೂತಿದೆ. ಮೊದಲು ಊರಿನವರು ಬಾವಿಗಳಿಂದ, ಬಾವಡಿ, ಝಾಲರಾ ಅನ್ನುವ ಮೆಟ್ಟಿಲು ಬಾವಿಗಳಿಂದಲೇ ನೀರು ಸೇದುತ್ತಿದ್ದರು. 1990ರ ದಶಕದಲ್ಲಿ ಕಾಲುವೆ ನೀರು ಬಂದ ಮೇಲೆ ಸೇದುವುದು ನಿಂತು ಹೋಯಿತು. ಅದರ ಮೇಲೆ ಹಳೇ ಪೈಪುಗಳ, ಒಳಚರಂಡಿಗಳ ಸೋರಿಕೆ ಬೇರೆ. ಎಷ್ಟೋ ಅಂಗಡಿಗಳ ನೆಲಮಾಳಿಗೆಯಲ್ಲಿ ನೀರು ಒಸರುತ್ತೆ, ಪಂಪ್ ಇಟ್ಟು ಹೊರಗೆ ಹಾಕುತ್ತಾರೆ. ಮೇಲೆ ನಲ್ಲಿ ಒಣಗಿದೆ, ಕೆಳಗೆ ನೆಲಮಾಳಿಗೆ ಒದ್ದೆ. ಆ ನೀರು ಕುಡಿಯೋ ಹಾಗಿಲ್ಲ.

ಆ ವರ್ಷ ನಹರ್ ಬಂದಿ ಮಾರ್ಚ್ ಕೊನೆಗೆ ಶುರುವಾಯಿತು. ಏಪ್ರಿಲ್ ಕೊನೆಗೆ ಬಿಗಿಯಾಯಿತು. ದಿನ ಬಿಟ್ಟು ದಿನ ಬರುತ್ತಿದ್ದ ನೀರು ಮೂರು ದಿನಕ್ಕೊಮ್ಮೆ, ಆಮೇಲೆ ಬಂದರೆ ಬಂತು ಅನ್ನೋ ಹಾಗಾಯಿತು. ಅದೇ ಬೇಸಿಗೆಯಲ್ಲಿ ಪಕ್ಕದ ಪಾಲಿ ಊರಿಗೆ ಜವಾಯಿ ಅಣೆಕಟ್ಟು ಬತ್ತಿ, ಇಲ್ಲಿಂದ ರೈಲಿನಲ್ಲಿ ನೀರು ಕಳಿಸುತ್ತಿದ್ದರು. ಅವರಿಗಿಂತ ನಾವೇ ವಾಸಿ ಅಂದುಕೊಂಡು ಪಾತ್ರೆ ತೊಳೆದ ನೀರನ್ನು ಎತ್ತಿಟ್ಟು ನೆಲ ಒರೆಸುತ್ತಿದ್ದೆವು. ಪಕ್ಕದ ಮನೆಯ ಕಾಕೀಸಾ (ಇಲ್ಲಿ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ) ಬಳ್ಳದಲ್ಲಿ ಅಳೆದು ನೀರು ಖರ್ಚು ಮಾಡುತ್ತಿದ್ದರು. ತುಪ್ಪ ಚೆಲ್ಲಿದರೆ ಏನೂ ಹೋಗಲ್ಲ, ನೀರು ಚೆಲ್ಲಿದರೆ ಜೀವ ಸುಡುತ್ತೆ ಅನ್ನುವುದು ಮಾರವಾಡದ ಮಾತು. ಅವರ ಬಾಯಲ್ಲಿ ಅದನ್ನು ದಿನಾ ಕೇಳುತ್ತಿದ್ದೆ.

ನಮ್ಮ ಮನೆಯವರು ಒಂದು ಬಿದಿರು ಕೋಲಿಗೆ ಚಾಕುವಿನಿಂದ ಗುರುತು ಹಾಕಿ ದಿನಾ ಸಂಪಿಗೆ ಇಳಿಬಿಟ್ಟು ನೋಡುತ್ತಿದ್ದರು. ಒಂದು ರಾತ್ರಿ ಒಂದು ಗೇಣು ನೀರಿತ್ತು. ಅವತ್ತು ನಲ್ಲಿ ಬಂದಿರಲಿಲ್ಲ. ಬೆಳಗ್ಗೆ ಕೋಲು ಇಳಿಬಿಟ್ಟರೆ ಒಂದು ಗೇಣಿನ ಮೇಲೆ ನಾಲ್ಕು ಬೆರಳು ಒದ್ದೆಯಾಗಿತ್ತು. ಮತ್ತೆ ಇಳಿಬಿಟ್ಟರು. ಅಷ್ಟೇ ಬಂತು. ರಾತ್ರಿ ಯಾವಾಗಲೋ ನೀರು ಬಿಟ್ಟಿರಬೇಕು ಅಂದುಕೊಂಡೆವು. ನಮ್ಮತ್ತೆಗೆ ಕಣ್ಣಲ್ಲಿ ನೀರು ಬಂತು. "ಗಂಗಮ್ಮ ತಾನಾಗೇ ಬಂದವ್ಳೆ ಕಣಮ್ಮ" ಅಂದು ಸಂಪಿನ ಬಾಯಿಗೆ ಅರಿಶಿನ ಕುಂಕುಮ ಇಟ್ಟರು. ಅವತ್ತು ಎಷ್ಟೋ ದಿನದ ಮೇಲೆ ಮಗಳಿಗೆ ತಲೆಗೆ ನೀರು ಹಾಕಿದೆ.

ಕುಡಿಯಲು ಆರ್‌ಒ ಇತ್ತು. ಹಾಗಾಗಿ ಧೈರ್ಯ. ಆದರೆ ಅಕ್ಕಿ, ತರಕಾರಿ, ಕೊತ್ತಂಬರಿ ತೊಳೆದಿದ್ದು, ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ್ದು ಎಲ್ಲ ಅದೇ ಸಂಪಿನ ನೀರಲ್ಲಿ. ಆರ್‌ಒ ಇದೆ ಅಂತ ಸುಮ್ನೆ ಇರುವವರು ಇದನ್ನು ಗಮನಿಸಿ. ಸಣ್ಣ ಮಕ್ಕಳು ಹಲ್ಲುಜ್ಜುವಾಗ ಅರ್ಧ ನೀರು ನುಂಗುತ್ತಾರೆ. ಮೂರನೇ ದಿನ ಮಗಳಿಗೆ ಭೇದಿ ಶುರುವಾಯಿತು. ರಾತ್ರಿಯೊಳಗೆ ಕಣ್ಣು ಗುಳಿ ಬಿದ್ದು, ತುಟಿ ಒಣಗಿ, ಕರೆದರೂ ಓ ಅನ್ನದ ಹಾಗಾದಳು. ಹೊರಗೆ 44 ಡಿಗ್ರಿ ಬಿಸಿಲು. ಅಂಥ ಸೆಕೆಯಲ್ಲಿ ಮಗುವಿಗೆ ಭೇದಿ ಆದರೆ ಓಆರ್‌ಎಸ್ ಕುಡಿಸುತ್ತಾ ತಕ್ಷಣ ಡಾಕ್ಟರ ಹತ್ತಿರ ಓಡಿ. ಬೆಳಗಾಗಲಿ ಅಂತ ಕಾಯಬೇಡಿ. ನಾವು ಐದಾರು ಗಂಟೆ ಕಾದೆವು. ಅದು ಇವತ್ತಿಗೂ ನನ್ನನ್ನು ಕೊರೆಯುತ್ತೆ. ಒಂದು ತಿಂಗಳ ಮೇಲೆ ನಮ್ಮ ಮನೆಯವರಿಗೂ ಕಾಮಾಲೆ ಆಯಿತು.

ಡಾಕ್ಟರು ಮೊದಲು ಕೇಳಿದ್ದೇ "ಮನೆ ಎಲ್ಲಿ? ನೀರು ಎಲ್ಲಿಂದ?" ಅಂತ. ನಾವು ಆಸ್ಪತ್ರೆಯಲ್ಲಿದ್ದಾಗ ಕಾಕೀಸಾ ಸಂಪಿನ ಮುಚ್ಚಳ ಸರಿಸಿ ಬಗ್ಗಿ ಮೂಸಿ ನೋಡಿದ್ದರಂತೆ. ವಾಪಸ್ ಬಂದ ತಕ್ಷಣ ಕೈ ಹಿಡಿದು ಕರೆದುಕೊಂಡು ಹೋದರು. ಇದು ನಲ್ಲಿ ನೀರೂ ಅಲ್ಲ, ಮಳೆ ನೀರೂ ಅಲ್ಲ, ನೆಲದ್ದು, ಮುಟ್ಟಬೇಡ ಅಂದರು. ಉಳಿದ ನೀರನ್ನು ಹೊರಗೆ ಹಾಕಿಸಿ ಟಾರ್ಚ್ ಬಿಟ್ಟು ನೋಡಿದೆವು. ಮೂಲೆಯಲ್ಲಿ, ತಳದಿಂದ ಮೊಳ ಎತ್ತರದಲ್ಲಿ, ಗಾರೆ ಬಿರುಕು ಬಿಟ್ಟಿತ್ತು. ಅಲ್ಲಿಂದ ದಾರದಷ್ಟು ಸಣ್ಣಗೆ ನೀರು ಇಳಿಯುತ್ತಿತ್ತು, ಬೆಳಕಿಗೆ ಹೊಳೆಯುತ್ತಿತ್ತು. ಸುತ್ತ ಹಸಿರುಗಪ್ಪು ಪಾಚಿ. ಆ ಗೋಡೆಯ ಆಚೆಗೇ ಓಣಿಯ ಒಳಚರಂಡಿ.

ಸಂಪು ತುಂಬಿದ್ದಾಗ ಒಳಗಿನ ನೀರಿನ ಒತ್ತಡಕ್ಕೆ ಹೊರಗಿನದು ಒಳಗೆ ಬರಲ್ಲ. ಖಾಲಿಯಾದಾಗ ನುಗ್ಗುತ್ತೆ. ಅಂದರೆ ನೀರಿಗೆ ನಾವು ಬಾಯಿ ಬಿಡುವ ಹೊತ್ತಿಗೇ ಆ ಕೊಳಕು ಒಳಗೆ ಬರುತ್ತೆ. ಮಾಲೀಕರಿಗೆ ಇದು ಗೊತ್ತಿತ್ತು. ಹಿಂದಿನ ಬಾಡಿಗೆಯವರೂ ಇದೇ ಕಾರಣಕ್ಕೆ ಬಿಟ್ಟಿದ್ದರು ಅಂತ ಆಮೇಲೆ ಓಣಿಯವರು ಹೇಳಿದರು. ನಮ್ಮ ಎರಡು ತಿಂಗಳ ಅಡ್ವಾನ್ಸ್ ವಾಪಸ್ ಬರಲಿಲ್ಲ. ಅದು ಹೋಗಲಿ. ಮಕ್ಕಳಿರುವ ಮನೆಯವರಿಗೆ ಇಂಥದ್ದನ್ನು ಮುಚ್ಚಿಟ್ಟು ಕೊಡುವುದು ತಪ್ಪು.

ನೀರು ನೋಡಲು ತಿಳಿಯಾಗೇ ಇತ್ತು, ಅದನ್ನೂ ಹೇಳಬೇಕು. ನೀರಲ್ಲಿ ಕರಗಿದ ಉಪ್ಪಿನಂಶ ತೋರಿಸುವ ನಮ್ಮ ಟಿಡಿಎಸ್ ಮೀಟರ್‌ನಲ್ಲಿ ನಲ್ಲಿ ನೀರು 230 ತೋರಿಸಿದರೆ ಸಂಪಿನದು 1,400 ಮೇಲೆ ತೋರಿಸಿತು. ಕುಡಿಯುವ ನೀರಿಗೆ 500ರ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2,000 ತನಕ ಆಗಬಹುದು ಅನ್ನುತ್ತೆ ನಮ್ಮ ದೇಶದ ಮಾನದಂಡ. ಆದರೆ ಮೀಟರ್ ನಂಬಿ ಕೂರಬೇಡಿ. ಅದು ಉಪ್ಪನ್ನು ಅಳೆಯುತ್ತೆ, ರೋಗಾಣುವನ್ನಲ್ಲ. ಎಚ್‌2ಎಸ್ ಬಾಟಲಿ ಅಂತ ಸಿಗುತ್ತೆ. ಅದಕ್ಕೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಕಡೆ ಇಟ್ಟರೆ, ಮಲದ ಕೊಳೆ ಸೇರಿದ ನೀರಾದರೆ ಕಪ್ಪಾಗುತ್ತೆ. ನಮ್ಮದು ಮಾರನೇ ದಿನಕ್ಕೇ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಬ್ಲೀಚಿಂಗ್ ಪೌಡರ್ ಹಾಕಿ ಅಂತ ಮಾಲೀಕರು ಹೇಳಿದ್ದರು. ಬಿರುಕಿನಿಂದ ಗಂಟೆಗಂಟೆಗೂ ಹೊಸ ಕೊಳೆ ಬರುತ್ತಿರುವಾಗ ಪೌಡರ್ ಏನು ಮಾಡೀತು?

ಟ್ಯಾಂಕರ್ ತರಿಸುವುದಾದರೂ ಹುಷಾರು. ಫೋನ್ ಮಾಡಿದರೆ "ಖಾರಾ ಬೇಕಾ, ಮೀಠಾ ಬೇಕಾ" ಅಂತ ಕೇಳುತ್ತಾರೆ. ನಮ್ಮ ಖಾರ ಅಲ್ಲ ಅದು. ಖಾರಾ ಅಂದರೆ ಉಪ್ಪುನೀರು, ಬೋರ್‌ವೆಲ್‌ನದು. ಮೀಠಾ ಅಂದರೆ ಕಾಲುವೆಯ ಸಿಹಿನೀರು. ನಹರ್ ಬಂದಿ ಸಮಯದಲ್ಲಿ ಮೀಠಾ ಅಂತ ದುಡ್ಡು ತೆಗೆದುಕೊಂಡು ಖಾರಾ ಸುರಿದು ಹೋದವರೂ ಇದ್ದಾರೆ. ಪೈಪು ಸಂಪಿಗೆ ಬಿಡುವ ಮುಂಚೆ ಒಂದು ಲೋಟ ಹಿಡಿದು ನಾಲಿಗೆ ತುದಿಗೆ ಹಚ್ಚಿ ನೋಡಿ ಉಗುಳಿ. ಉಪ್ಪು ಅನ್ನಿಸಿದರೆ ವಾಪಸ್ ಕಳಿಸಿ. ಒಮ್ಮೆ ಸುರಿದ ಮೇಲೆ ಇರೋ ಚೂರು ಒಳ್ಳೇ ನೀರೂ ಕೆಟ್ಟಿತು.

ಜೂನ್‌ನಲ್ಲಿ ಆ ಮನೆ ಬಿಟ್ಟೆವು. ಈಗಿರುವುದು ಊರ ಹೊರಗಿನ ಬಡಾವಣೆಯಲ್ಲಿ. ಒಪ್ಪಂದ ಮಾಡುವ ಮುಂಚೆ ಮಾಲೀಕರ ಹತ್ತಿರ ಒಂದೇ ಮಾತು ಕೇಳಿಕೊಂಡೆವು. ಸಂಪು ಖಾಲಿ ಮಾಡಿ, ಒರೆಸಿ, ನಲ್ಲಿ ಬಂದ್ ಮಾಡಿ ಒಂದು ರಾತ್ರಿ ಬಿಡಬೇಕು. ಅವರಿಗೆ ವಿಚಿತ್ರ ಅನ್ನಿಸಿತು, ಆದರೂ ಒಪ್ಪಿದರು. ತಳಕ್ಕೆ ಹಳೇ ಪತ್ರಿಕೆ ಹಾಸಿ ಬಂದೆವು. ಮಾರನೇ ದಿನ ಬೆಳಗ್ಗೆ ನಮ್ಮತ್ತೆಯೇ ಮೊದಲು ಬಗ್ಗಿ ನೋಡಿದರು. ಪತ್ರಿಕೆ ಎತ್ತಿದರೆ ಸರಸರ ಸದ್ದು ಬಂತು. ಆಮೇಲೆ ಅಡ್ವಾನ್ಸ್ ಕೊಟ್ಟೆವು.